ಸಿಇಟಿ ಅರ್ಜಿ: ಕಾಲಂಗೊಂದು ಜಗಳ

ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಜನವರಿ, ಫೆಬ್ರವರಿ ಬಂತೆಂದರೆ ಓದಿಗಿಂತ ಸಿಇಟಿ, ಅಂದರೆ ವೃತ್ತಿ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಜಿಗೆ ಬೇಕಾದ ಕಾಗದಪತ್ರದ ಮಾತೇ ಜಾಸ್ತಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಿದೆ? ಅದರಲ್ಲಿರುವ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸ ಇದೆಯಲ್ಲ, ನಡೆಯುತ್ತಾ? ನಾಲ್ಕನೇ ಕ್ಲಾಸಿನವರೆಗೆ ಅಜ್ಜಿ ಊರಿನಲ್ಲಿ ಓದಿದ್ದು, ಆ ಶಾಲೆಯೇ ಈಗ ಮುಚ್ಚಿದೆ, ವ್ಯಾಸಂಗ ಪ್ರಮಾಣಪತ್ರ ಕೊಡುವವರು ಯಾರು? ತಹಶೀಲ್ದಾರ್ ಕಚೇರಿಗೆ ಒಂದು ಓಡಾಟ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಇನ್ನೊಂದು.

ಪರೀಕ್ಷೆ ಒಂದು ವಿಷಯಕ್ಕೆ ಬರೀ 80 ನಿಮಿಷ. ಅರ್ಜಿ ತುಂಬಲು ಮಾತ್ರ ಒಂದು ಸಂಜೆಯೂ ಸಾಲುವುದಿಲ್ಲ. ಎಂಜಿನಿಯರಿಂಗ್ ಸೀಟು ಕೇಳಿದರೆ ನನ್ನ ಮಗಳು ಒಂದನೇ ಕ್ಲಾಸು ಎಲ್ಲಿ ಓದಿದಳು ಎಂದು ಯಾಕೆ ಕೇಳುತ್ತಾರೆ ಎಂದು ಸಿಟ್ಟು ಬರುವುದು ಸಹಜ. ಆದರೆ ಈ ಅರ್ಜಿಯನ್ನು ಯಾರೋ ಒಬ್ಬ ಅಧಿಕಾರಿ ಕುಳಿತು ಬರೆದಿಲ್ಲ. ಸರ್ಕಾರ, ಕೋರ್ಟು, ಕಾಲೇಜಿನ ಮಾಲೀಕರು, ತಂದೆ-ತಾಯಂದಿರು 60 ವರ್ಷ ಆಡಿದ ಜಗಳಗಳೆಲ್ಲ ಒಂದೊಂದಾಗಿ ಅದರೊಳಗೆ ಬಂದು ಕುಳಿತಿವೆ.

ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದಾಗಲೇ ಈ ಜಗಳ ಶುರುವಾಗಿತ್ತು. 1962ರಲ್ಲಿ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರೊಳಗೆ ಇರಬೇಕು ಎಂದು ಇವತ್ತಿಗೂ ಟಿವಿ ಚರ್ಚೆಗಳಲ್ಲಿ ಕೇಳುತ್ತೇವಲ್ಲ, ಆ ಮಾತಿನ ಬೇರು ನಮ್ಮ ರಾಜ್ಯದ ಕಾಲೇಜು ಸೀಟಿನ ಈ ಕೇಸಿನಲ್ಲಿದೆ.

ಆಗ ಪ್ರವೇಶ ಪರೀಕ್ಷೆ ಇರಲಿಲ್ಲ. ಪಿಯುಸಿ ಅಂಕದ ಜೊತೆಗೆ ಸಂದರ್ಶನ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಅಲ್ಲಿ ನೋಡುತ್ತಿದ್ದದ್ದು ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಪಠ್ಯೇತರ ಚಟುವಟಿಕೆ ಇಂಥವು. ವ್ಯಕ್ತಿತ್ವಕ್ಕೆ ಎಷ್ಟು ಅಂಕ ಬೀಳುತ್ತಿತ್ತು, ಯಾರ ಮಗನಿಗೆ ಬೀಳುತ್ತಿತ್ತು ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಇದನ್ನೂ ಕೆಲವರು ಕೋರ್ಟಿನಲ್ಲಿ ಪ್ರಶ್ನಿಸಿದರು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಸಿಇಟಿಯನ್ನು ಬರೀ ಉತ್ತರ ಹಾಳೆಯ ಗುಳ್ಳೆ ತುಂಬುವ ಪರೀಕ್ಷೆ ಎಂದು ಆಡಿಕೊಳ್ಳುವವರು ಈ ಸಂದರ್ಶನವನ್ನು ನೆನಪಿಟ್ಟುಕೊಳ್ಳಬೇಕು. ಗುಳ್ಳೆ ನಿಮ್ಮ ಅಪ್ಪ ಯಾರು ಎಂದು ಕೇಳುವುದಿಲ್ಲ.

ಇನ್ನೊಂದು ಕಡೆ ಖಾಸಗಿ ಕಾಲೇಜುಗಳು ಬೆಳೆಯುತ್ತಿದ್ದವು. ಮಣಿಪಾಲದ ಖಾಸಗಿ ಮೆಡಿಕಲ್ ಕಾಲೇಜು 1953ರಲ್ಲೇ ಆರಂಭವಾಗಿತ್ತು. 1970, 80ರ ದಶಕದ ಹೊತ್ತಿಗೆ ಉತ್ತರ ಭಾರತದ ಹುಡುಗರು ರೈಲು ಹತ್ತಿ ಕರ್ನಾಟಕಕ್ಕೆ ಬರುವುದು ಮಾಮೂಲಾಯಿತು. ಸೀಟು ಬೇಕೆಂದರೆ ಡೊನೇಷನ್ ಕೊಡಬೇಕು. ಊರಲ್ಲಿ ಎಲ್ಲರೂ ಅದನ್ನು ಡೊನೇಷನ್ ಎಂದೇ ಕರೆಯುತ್ತಿದ್ದರು, ಕೊಡುವವರು ಮಾತ್ರ ಹೊಲ ಮಾರಿ ಕೊಡುತ್ತಿದ್ದರು. 1984ರಲ್ಲಿ ರಾಜ್ಯ ಸರ್ಕಾರ ಈ ಡೊನೇಷನ್ನನ್ನು, ಕಾನೂನಿನ ಭಾಷೆಯಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸುವ ಕಾನೂನು ತಂದಿತು. ಆದರೆ ಅದೇ ಕಾನೂನಿನ ಅಡಿಯಲ್ಲಿ 1989ರ ಜೂನ್ 5ರಂದು ಸರ್ಕಾರ ಹೊರಡಿಸಿದ ಅಧಿಸೂಚನೆ ನೋಡಿ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕವರಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಕರ್ನಾಟಕದವರಿಗೆ 25,000ದವರೆಗೆ. ಹೊರರಾಜ್ಯದವರಿಗೆ 60,000ದವರೆಗೆ. ಅದೇ ಕ್ಲಾಸು, ಅದೇ ಬೆಂಚು, ಅದೇ ಮೇಷ್ಟ್ರು. ದರ ಮಾತ್ರ ಮೂರು.

ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದ ಮೋಹಿನಿ ಜೈನ್‌ ಮುಂದೆ ಬಂದು ನಿಂತದ್ದು ಈ ಮೂರನೇ ದರ. ಮೊದಲ ವರ್ಷಕ್ಕೆ 60,000 ಕಟ್ಟಬೇಕು, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ತರಬೇಕು. ಅಷ್ಟು ಹಣ ಮನೆಯಲ್ಲಿರಲಿಲ್ಲ. ಅವರು ನೇರ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಬಂದ ತೀರ್ಪು, ಶಿಕ್ಷಣ ಹಕ್ಕು, ಸರ್ಕಾರಿ ಶುಲ್ಕಕ್ಕಿಂತ ಹೆಚ್ಚಿಗೆ ಕೇಳುವುದು ಕ್ಯಾಪಿಟೇಷನ್ನೇ ಎಂದು ಹೇಳಿ ಅಧಿಸೂಚನೆಯ ಆ ಭಾಗವನ್ನು ಹೊಡೆದುಹಾಕಿತು.

ಕಾಲೇಜುಗಳು ಸುಮ್ನೆ ಕೂರಲಿಲ್ಲ. ಈ ಲೆಕ್ಕದಲ್ಲಿ ಕಾಲೇಜು ನಡೆಸುವುದು ಹೇಗೆ ಎಂದು ಹಲವು ರಾಜ್ಯಗಳ ಸಂಸ್ಥೆಗಳು ಮತ್ತೆ ಕೋರ್ಟಿಗೆ ಹೋದವು. 1993ರ ಫೆಬ್ರವರಿ 4ರ ಉನ್ನಿಕೃಷ್ಣನ್ ತೀರ್ಪು ನಡುವಿನ ದಾರಿ ಹುಡುಕಿತು. ಅರ್ಧ ಸೀಟು ಕಡಿಮೆ ಶುಲ್ಕದ ಫ್ರೀ ಸೀಟು, ಇನ್ನರ್ಧ ಪೇಮೆಂಟ್ ಸೀಟು. ಎರಡಕ್ಕೂ ಮೆರಿಟ್ಟೇ ಆಧಾರ. ಈಗ 40 ದಾಟಿದವರನ್ನು ಕೇಳಿ ನೋಡಿ, "ನನ್ನದು ಫ್ರೀ ಸೀಟು" ಎಂದು ಹೇಳುವಾಗ ಈಗಲೂ ದನಿ ಸ್ವಲ್ಪ ಏರುತ್ತದೆ.

ಖಾಸಗಿ ಕಾಲೇಜಿನ ಸೀಟನ್ನೂ ಮೆರಿಟ್ ಮೇಲೆ ಹಂಚಬೇಕೆಂದರೆ ಎಲ್ಲರನ್ನೂ ಅಳೆಯುವ ಒಂದೇ ಪರೀಕ್ಷೆ ಬೇಕು, ಒಂದೇ ಕಡೆ ಹಂಚಿಕೆ ಆಗಬೇಕು. 1994ರಲ್ಲಿ ಸರ್ಕಾರ ಸಿಇಟಿ ಘಟಕ ಮಾಡಿತು. ಈಗಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಅದೇ ಘಟಕದ ಹೊಸ ಹೆಸರು. ಆಗಿನ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆ, ಕಂಡವರು ಮರೆಯಲಾರರು. ರ‍್ಯಾಂಕ್ ಪ್ರಕಾರ ದಿನಾಂಕ ಕೊಡುತ್ತಿದ್ದರು. ಬೀದರ್‌ನವರೂ ಚಾಮರಾಜನಗರದವರೂ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರಬೇಕು, ಬಗಲಲ್ಲಿ ಮೂಲ ದಾಖಲೆಗಳ ಕವರು, ಜೇಬಿನಲ್ಲಿ ಡಿಡಿ. ಪರದೆಯ ಮೇಲೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಕಾಣುತ್ತಿತ್ತು. ನಿಮ್ಮ ಸರದಿ ಬರುವಷ್ಟರಲ್ಲಿ, ನೀವು ಬಯಸಿದ ಕಡೆ ಇದ್ದ ಎರಡು ಸೀಟು ಸೊನ್ನೆಯಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ಸುಸ್ತು ಹೊಡೆಸುವ ವ್ಯವಸ್ಥೆ, ನಿಜ. ಆದರೆ ಎಲ್ಲವೂ ನೂರಾರು ಜನರ ಎದುರೇ ನಡೆಯುತ್ತಿತ್ತು. ಡೊನೇಷನ್ ಕಾಲ ನೋಡಿದವರಿಗೆ ಅದೇ ದೊಡ್ಡ ವಿಷಯ.

ಇನ್ನು ಅರ್ಜಿಯ ಕಾಲಂಗಳಿಗೆ ಬರೋಣ. ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು ಎನ್ನುವುದು ಹೆಚ್ಚಿನವರು ಬಳಸುವ ಅರ್ಹತಾ ನಿಯಮ. ಹೊರರಾಜ್ಯದ ದುಡ್ಡಿನ ಮುಂದೆ ಇಲ್ಲಿನ ಮಕ್ಕಳಿಗೆ ಸೀಟು ಉಳಿಯಬೇಕು ಎಂಬ ಹಳೆಯ ಆತಂಕ ಇದರ ಹಿಂದಿದೆ. ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷದ ಲೆಕ್ಕ ತೋರಿಸಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿಯೂ ಬೇಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8 ಸೀಟು ಸಿಗುತ್ತಿದೆ. ಅದಕ್ಕೆ ಉಪವಿಭಾಗಾಧಿಕಾರಿಯ ಪ್ರಮಾಣಪತ್ರ ಬೇಕು.

ಇಲ್ಲೊಂದು ವಿಚಿತ್ರ ಇದೆ. ಹಳ್ಳಿಯ ಮಗುವಿಗೆ ಅನುಕೂಲವಾಗಲಿ ಎಂದು ಮಾಡಿದ ಕಾಲಂ ತುಂಬುವುದು ಹಳ್ಳಿಯ ಮನೆಗೇ ಅತಿ ಕಷ್ಟ. ಮೂರು ಶಾಲೆ ಬದಲಿಸಿದ ಕೂಲಿಕಾರರ ಮಗಳು ಮೂರು ಕಡೆ ಪ್ರಮಾಣಪತ್ರಕ್ಕೆ ಅಲೆಯಬೇಕು. ಬೆಂಗಳೂರಿನ ಒಂದೇ ಶಾಲೆಯಲ್ಲಿ ಓದಿದ ಹುಡುಗನಿಗೆ ಈ ಗೋಳೇ ಇಲ್ಲ. ಈಗ ಜಾತಿ, ಆದಾಯದ ವಿವರ ಆರ್‌ಡಿ ನಂಬರ್ ಹಾಕಿದರೆ ಕಂದಾಯ ಇಲಾಖೆಯ ದಾಖಲೆಯಿಂದ ಆನ್‌ಲೈನ್‌ನಲ್ಲೇ ಬರುತ್ತದೆ. ಒಳ್ಳೆಯ ಬದಲಾವಣೆ. ವ್ಯಾಸಂಗ ಪ್ರಮಾಣಪತ್ರದ ಓಡಾಟ ಮಾತ್ರ ಹಲವರಿಗೆ ತಪ್ಪಿಲ್ಲ.

ನನಗೆ ಇಷ್ಟವಾಗುವ ಎರಡು ಕಾಲಂಗಳಿವೆ. ಒಂದು, ಹೊರನಾಡು ಮತ್ತು ಗಡಿನಾಡು ಕನ್ನಡಿಗರದ್ದು. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಮಕ್ಕಳೂ ಸಿಇಟಿ ಬರೆಯಬಹುದು. ಆದರೆ ಜೊತೆಗೆ 50 ಅಂಕದ ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಭೌತಶಾಸ್ತ್ರದ ಸೂತ್ರಗಳ ನಡುವೆ ಕನ್ನಡ ಓದಲು, ಬರೆಯಲು ಬರುತ್ತದೆಯೇ ಎಂದು ನೋಡುವ ಒಂದು ತಾಸು. ಇನ್ನೊಂದು, ಕೃಷಿಕರ ಮಕ್ಕಳ ಕೋಟಾ. ಕೃಷಿ ಕೋರ್ಸುಗಳಿಗೆ ಈ ಕೋಟಾ ಕೇಳಿದವರು ಕೃಷಿ ವಿಶ್ವವಿದ್ಯಾಲಯಗಳ ಆವರಣದಲ್ಲಿ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಬೀಜ, ಸಲಕರಣೆ, ಗೊಬ್ಬರ ಗುರುತಿಸಬೇಕು. ಹೊಲದಲ್ಲಿ ಬೆಳೆದ ಹುಡುಗಿಗೆ ಕೋಚಿಂಗ್ ಬೇಡದ ಏಕೈಕ ಪರೀಕ್ಷೆ ಇದು.

2002ರ ಅಕ್ಟೋಬರ್ 31ರಂದು ಆಟದ ನಿಯಮವೇ ಬದಲಾಯಿತು. ಈ ಬಾರಿಯೂ ಕೇಸು ಕರ್ನಾಟಕದ್ದೇ, ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಷನ್ ಹೂಡಿದ್ದು. ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ಬದಿಗೆ ಸರಿಸಿ, ಅನುದಾನ ಪಡೆಯದ ಕಾಲೇಜುಗಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು. 2003ರಲ್ಲಿ ಇನ್ನೊಂದು ತೀರ್ಪು, 2005ರ ಇನಾಂದಾರ್ ಪ್ರಕರಣದಲ್ಲಿ ಮತ್ತೊಂದು. ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್‌–ಕೆ ತನ್ನದೇ ಪರೀಕ್ಷೆ ಶುರುಮಾಡಿತು. ಸರ್ಕಾರ 2006ರಲ್ಲಿ ಹೊಸ ಕಾನೂನು ಮಾಡಿತು. ಕೊನೆಗೆ ನಿಂತದ್ದು ಮಾತುಕತೆಯ ಒಪ್ಪಂದ. ಅಲ್ಪಸಂಖ್ಯಾತರದಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 45 ಸೀಟು ಸಿಇಟಿಗೆ, ಶೇ 30 ಕಾಮೆಡ್‌–ಕೆಗೆ, ಶೇ 25 ಮ್ಯಾನೇಜ್‌ಮೆಂಟಿಗೆ. ಮೂರು ದರ ಮತ್ತೆ ಬಂದವು, ಈ ಸಲ ಕಾನೂನಿನ ಒಪ್ಪಿಗೆಯೊಂದಿಗೆ.

ಅಲ್ಲಿಗೆ ಅರ್ಜಿ ಎರಡಾಯಿತು. ಮೂರನೆಯದು ನೀಟ್, ಮೆಡಿಕಲ್ ಸೀಟಿನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. 2013ರ ಮೇನಲ್ಲಿ ಮೊದಲ ನೀಟ್ ನಡೆಯಿತು, ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, 2016ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಸುಗ್ರೀವಾಜ್ಞೆಯ ಕೃಪೆಯಿಂದ 2016ರಲ್ಲಿ ಮಾತ್ರ ರಾಜ್ಯದ ಸರ್ಕಾರಿ ಕೋಟಾದ ಮೆಡಿಕಲ್ ಸೀಟು ಸಿಇಟಿ ಮೇಲೆಯೇ ಹಂಚಿಕೆಯಾಯಿತು. ಮರುವರ್ಷದಿಂದ ಸಿಇಟಿಗೆ ಮೆಡಿಕಲ್ ಇಲ್ಲ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ ಅನ್ನುವುದೊಂದು ಸಮಾಧಾನ.

ಇದರಿಂದ ತಯಾರಿಯ ಸ್ವರೂಪವೇ ಬದಲಾಯಿತು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲೂ ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ ಮೇನ್‌ನಲ್ಲೂ ಅದೇ ಕೆಲಸ ಮಾಡಿದರೆ ಮುಳುಗಿದಿರಿ, ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ. ಒಂದೇ ಮಗು ಎರಡು ತಿಂಗಳೊಳಗೆ ಎರಡೂ ಬುದ್ಧಿ ರೂಢಿಸಿಕೊಳ್ಳಬೇಕು. ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಪಿಯುಸಿ ಜೊತೆಗೇ ಕೋಚಿಂಗ್ ಕೊಡುವ ಕಾಲೇಜುಗಳು ಬೆಳೆದದ್ದು ಇದೇ ಒತ್ತಡದಿಂದ. ಸರ್ಕಾರವೂ ಕೋವಿಡ್ ಕಾಲದಲ್ಲಿ, 2020ರಲ್ಲಿ, ಗೆಟ್‌ಸೆಟ್‌ಗೋ ಎಂಬ ಉಚಿತ ಆನ್‌ಲೈನ್ ತರಬೇತಿ ತಂದಿತು.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಈ ಅರ್ಧದ ಬೆಲೆ ಎಲ್ಲರಿಗೂ ಅರ್ಥವಾದದ್ದು 2022ರಲ್ಲಿ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿಗೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕ ಅಂಕಕ್ಕೆ ಶೇ 10 ಎಂದು ಲೆಕ್ಕ ಹಾಕಿ ಪಾಸು ಮಾಡಿದರು. ಅವರಲ್ಲಿ ಸುಮಾರು 24 ಸಾವಿರ ಮಂದಿ ಮರುವರ್ಷ ಮತ್ತೆ ಸಿಇಟಿ ಬರೆದರು. ಪರೀಕ್ಷೆ ಬರೆಯದೆ ಬಂದ ಅಂಕ ಸೇರಿಸುವುದಿಲ್ಲ ಎಂದಿತು ಕೆಇಎ. ಪರೀಕ್ಷೆ ರದ್ದು ಮಾಡಿದ್ದು ನಾವಲ್ಲವಲ್ಲ ಎಂದರು ಮಕ್ಕಳು. ಎರಡೂ ಕಡೆ ನ್ಯಾಯ ಇತ್ತು. ಹೈಕೋರ್ಟಿನಲ್ಲಿ ಸೆಪ್ಟೆಂಬರ್‌ವರೆಗೆ ಎಳೆದಾಡಿ, ಆ ಬ್ಯಾಚಿನ ಪಿಯುಸಿ ಅಂಕದಲ್ಲಿ ಸರಾಸರಿ ಲೆಕ್ಕದಲ್ಲಿ ಕೆಲವು ಅಂಕ ಕಳೆದು ಉಳಿದದ್ದನ್ನು ಪರಿಗಣಿಸುವ ರಾಜಿ ಸೂತ್ರ ಬಂತು.

2024ರ ಏಪ್ರಿಲ್ 18, 19ರ ಪರೀಕ್ಷೆಯಲ್ಲಿ ಆದದ್ದು ಮಾತ್ರ ಕ್ಷಮಿಸುವಂಥದ್ದಲ್ಲ. ಪಠ್ಯದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆಗಳು ಬಂದವು. ಒಂದೋ ಎರಡೋ ಅಲ್ಲ. ಗಣಿತ ಮತ್ತು ರಸಾಯನಶಾಸ್ತ್ರದಲ್ಲಿ ತಲಾ 15, ಜೀವಶಾಸ್ತ್ರದಲ್ಲಿ 11, ಭೌತಶಾಸ್ತ್ರದಲ್ಲಿ 9, ಒಟ್ಟು 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಕಾಗದದ ಮೇಲೆ ಎಲ್ಲರಿಗೂ ಸಮಾನ. ಆದರೆ ಓದಿರದ ಪ್ರಶ್ನೆಯ ಮುಂದೆ ಪ್ರಾಮಾಣಿಕವಾಗಿ ಐದು ನಿಮಿಷ ತಲೆಕೆಡಿಸಿಕೊಂಡ ಹುಡುಗಿಯ ಆ ಐದು ನಿಮಿಷವನ್ನು ಯಾರೂ ವಾಪಸ್ ಕೊಡಲಿಲ್ಲ.

ಕೌನ್ಸೆಲಿಂಗ್ ಈಗ ಮೊಬೈಲಿಗೆ ಬಂದಿದೆ. ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ, ಯಾವ ಸೀಟು ಸಿಗಬಹುದು ಎಂದು ತೋರಿಸುವ ಅಣಕು ಹಂಚಿಕೆ, ನಿಜವಾದ ಹಂಚಿಕೆ, ಆಮೇಲೆ ನಾಲ್ಕು ಚಾಯ್ಸ್. ಚಾಯ್ಸ್ 1 ಎಂದರೆ ಸೀಟು ಒಪ್ಪಿ ಸೇರುವುದು. ಚಾಯ್ಸ್ 2 ಎಂದರೆ ಸೀಟು ಕೈಯಲ್ಲಿಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವುದು. ಚಾಯ್ಸ್ 3 ಒತ್ತಿದರೆ ಸಿಕ್ಕ ಸೀಟು ಹೋಗುತ್ತದೆ, ಮುಂದಿನ ಸುತ್ತಿಗೆ ಅವಕಾಶ ಮಾತ್ರ ಉಳಿಯುತ್ತದೆ. ಚಾಯ್ಸ್ 4, ಪೂರ್ತಿ ಹೊರಗೆ. 2 ಮತ್ತು 3ರ ನಡುವೆ ಗೊಂದಲ ಮಾಡಿಕೊಂಡು ಕೈಗೆ ಬಂದ ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ನೂರಾರು ಜನರ ಎದುರು ನಡೆಯುತ್ತಿದ್ದದ್ದು ಲಾಗಿನ್ ಒಳಗೆ ಹೋದ ಮೇಲೆ ಡೊನೇಷನ್ನಿಗೂ ಹೊಸ ಕಿಂಡಿ ಸಿಕ್ಕಿತು. 2024ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ ಹಲವರನ್ನು ಬಂಧಿಸಿದರು. ಉಪಾಯ ಸರಳ. ಸೇರುವ ಮನಸ್ಸಿಲ್ಲದ ಒಳ್ಳೆಯ ರ‍್ಯಾಂಕಿನವರ ಲಾಗಿನ್ ಬಳಸಿ ಬೇಡಿಕೆಯ ಸೀಟು ಹಿಡಿದಿಡುವುದು. ಕೊನೆಯ ಸುತ್ತು ಮುಗಿದ ಮೇಲೂ ಯಾರೂ ಸೇರದಿದ್ದರೆ ಆ ಸೀಟು ಕಾಲೇಜಿನ ಆಡಳಿತ ಮಂಡಳಿಗೆ ಮರಳುತ್ತದೆ, ಅಲ್ಲಿ ದರ ಬೇರೆ. ಹಾಗಾಗಿ ಅರ್ಜಿಯ ಮೊಬೈಲ್ ನಂಬರಿನ ಕಾಲಂ ಈಗ ಜಾತಿ ಕಾಲಂನಷ್ಟೇ ಮುಖ್ಯ. ಅವಸರದಲ್ಲಿ ಸೈಬರ್ ಸೆಂಟರಿನವರ ನಂಬರ್ ಕೊಟ್ಟು ಬರಬೇಡಿ. ಒಟಿಪಿ ಮನೆಯವರ ಫೋನಿಗೇ ಬರಲಿ, ಪಾಸ್‌ವರ್ಡ್ ಮಗುವಿನ ಹತ್ತಿರವೇ ಇರಲಿ.