ಕೈ ಮೇಲೆ ಕೂರುವ ಬಡ್ಜಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ರಾಜಾಜಿನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಮಗಳಿಗೆ ಹತ್ತು ವರ್ಷ. ಕೈ ಮೇಲೆ ಬಂದು ಕೂರುವ ಲವ್ ಬರ್ಡ್ ಬೇಕು ಅಂತ ಒಂದೇ ಹಠ. ಅಂಗಡಿಗೆ ಹೋದರೆ ಎಲ್ಲ ಹಕ್ಕಿಗಳೂ ನಮ್ಮ ಕೈ ಕಂಡ ಕೂಡಲೇ ಪಂಜರದ ಮೂಲೆಗೆ ಓಡುತ್ತವೆ. ಪಳಗಿದ ಹಕ್ಕಿ ಎಲ್ಲಿ ಸಿಗುತ್ತದೆ? ತಂದ ಮೇಲೆ ಅದನ್ನು ಹೇಗೆ ಒಲಿಸಿಕೊಳ್ಳಬೇಕು?

ಉತ್ತರ: ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. ನೇರವಾಗಿ ಹೇಳುತ್ತೇನೆ. ಪೂರ್ತಿ ಪಳಗಿದ ಹಕ್ಕಿಯನ್ನು ಹುಡುಕಿಕೊಂಡು ಅಲೆಯಬೇಡಿ. ಆರೋಗ್ಯವಾಗಿರುವ ಒಂದು ಎಳೆ ಹಕ್ಕಿ ಹುಡುಕಿ. ಪಳಗಿಸುವ ಕೆಲಸ ಮನೆಯಲ್ಲೇ ಆಗಲಿ. ಅಂಗಡಿಯವನ ಕೈಗೆ ಒಗ್ಗಿದ ಹಕ್ಕಿ ನಿಮ್ಮ ಮಗಳ ಕೈಗೂ ಒಗ್ಗುತ್ತದೆ ಅಂತೇನಿಲ್ಲ. ಹೊಸ ಮನೆ, ಹೊಸ ದನಿ, ಹೊಸ ಕೈ. ಅದಕ್ಕೂ ಎಲ್ಲ ಮೊದಲಿಂದ ಶುರು.

ಮೊದಲು ಹೆಸರಿನ ವಿಷಯ. ನಮ್ಮೂರಿನ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಹೆಚ್ಚಾಗಿ ಬಡ್ಜಿ ಎಂಬ ಪುಟ್ಟ ಗಿಳಿಗಳನ್ನೇ. ನಿಜವಾದ ಲವ್ ಬರ್ಡ್ ಆಫ್ರಿಕಾದ ಕಡೆಯದು. ಬಾಲ ಗಿಡ್ಡ, ಕೊಕ್ಕು ದಪ್ಪ. ಬಡ್ಜಿ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ಉದ್ದ ಬಾಲ, ತಲೆಯ ಹಿಂದೆ, ರೆಕ್ಕೆಯ ಮೇಲೆ ಅಲೆಯಂಥ ಗೆರೆಗಳು, ತೂಕ 30ರಿಂದ 40 ಗ್ರಾಂ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ. ಆಮೇಲೆ ಪಂಜರದಲ್ಲೇ ಮರಿ ಮಾಡಿಸುತ್ತಾ ಅದು ಲೋಕವೆಲ್ಲ ಹರಡಿತು. ಇನ್ನೊಂದು ಮಾತು. ಮರಿ ಗಿಳಿ ಇದೆ, ಬೇಗ ಮಾತು ಕಲಿಯುತ್ತದೆ ಅಂತ ಯಾರಾದರೂ ನಮ್ಮ ಹಸಿರು ಗಿಳಿಯನ್ನು ತೋರಿಸಿದರೆ ಬೇಡ ಅನ್ನಿ. ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಡ್ಜಿಗೆ ಆ ತೊಡಕಿಲ್ಲ.

ಎಲ್ಲಿ ಸಿಗುತ್ತದೆ ಅಂದರೆ, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಹಕ್ಕಿ ಮಾರುವವರಿದ್ದಾರೆ. ಬಡಾವಣೆಗಳಲ್ಲೂ ಅಂಗಡಿಗಳಿವೆ. ನನ್ನನ್ನು ಕೇಳಿದರೆ, ಮನೆಯ ತಾರಸಿಯಲ್ಲಿ ನಾಲ್ಕೈದು ಜೋಡಿ ಇಟ್ಟುಕೊಂಡು ಪ್ರೀತಿಯಿಂದ ಸಾಕುವವರ ಹತ್ತಿರ ತರುವುದು ಒಳ್ಳೆಯದು. ಅಪ್ಪ ಅಮ್ಮ ಹಕ್ಕಿಗಳನ್ನು ನೋಡಬಹುದು. ಮರಿ ಗೂಡಿನಿಂದ ಹೊರಬಂದ ದಿನ ಅವರಿಗೆ ಗೊತ್ತಿರುತ್ತದೆ. ಊರು ಬಿಟ್ಟು ಹೋಗುವವರು ಸಾಕಿದ ಹಕ್ಕಿಯನ್ನು ಕೊಟ್ಟು ಹೋಗುವುದೂ ಉಂಟು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿ ನೋಡಿ. ಹಾಗೆ ಬಂದ ಹಕ್ಕಿ ಮೊದಲೇ ಮನುಷ್ಯರ ನಡುವೆ ಬದುಕಿರುತ್ತದೆ.

ಎಳೆಯದು ಯಾವುದು ಅಂತ ಗುರುತಿಸುವುದು ಸುಲಭ. ಮರಿಯ ಹಣೆಯ ಮೇಲೆ ಕೊಕ್ಕಿನ ಬುಡದವರೆಗೂ ಗೆರೆಗಳಿರುತ್ತವೆ. ಮೂರು ನಾಲ್ಕು ತಿಂಗಳಿಗೆ ಮೊದಲ ಸಲ ಗರಿ ಉದುರಿದಾಗ ಆ ಗೆರೆ ಹಿಂದೆ ಸರಿದು, ಹಣೆಯಲ್ಲಿ ಗೆರೆಯೇ ಇರುವುದಿಲ್ಲ. ಕಣ್ಣೂ ನೋಡಿ. ಮರಿಯ ಕಣ್ಣು ಪೂರ್ತಿ ಕಪ್ಪು. ದೊಡ್ಡದರ ಕಣ್ಣಲ್ಲಿ ಕಪ್ಪು ಪಾಪೆಯ ಸುತ್ತ ಬಿಳಿ ಬಳೆ. ಹಳದಿ, ಬಿಳಿ ಹಕ್ಕಿಗಳಲ್ಲಿ ಮತ್ತು ಕೆಲವು ತಳಿಗಳಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆರರಿಂದ ಹತ್ತು ವಾರದೊಳಗಿನ ಹಕ್ಕಿ ಸಿಕ್ಕರೆ ತುಂಬಾ ಒಳ್ಳೆಯದು. ಆದರೆ ತಾನೇ ಕಾಳು ಬಿಡಿಸಿ ತಿನ್ನುವುದನ್ನು ನಿಮ್ಮ ಕಣ್ಣಾರೆ ನೋಡಬೇಕು. ‘ಹ್ಯಾಂಡ್ ಫೀಡಿಂಗ್ ಮರಿ, ನೀವೇ ಸಿರಿಂಜಲ್ಲಿ ತಿನ್ನಿಸಿ, ನಿಮ್ಮನ್ನೇ ಅಮ್ಮ ಅಂದ್ಕೊಳ್ಳುತ್ತೆ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತರಬೇಡಿ. ಆಹಾರ ಸ್ವಲ್ಪ ಬಿಸಿ ಜಾಸ್ತಿಯಾದರೆ ಮರಿಯ ಗಂಟಲ ಚೀಲ ಸುಡುತ್ತದೆ. ಸ್ವಲ್ಪ ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಅದು ಕಲಿತವರ ಕೆಲಸ.

ಇನ್ನು ‘ಟೇಮ್ ಬರ್ಡ್’ ಅಂತ ಹೇಳಿ ಹಲವು ಪಟ್ಟು ದುಡ್ಡು ಕೇಳುವ ಹಕ್ಕಿಯ ವಿಷಯ. ಇಲ್ಲಿ ನನಗೆ ನೋವಿನ ಅನುಭವವಿದೆ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಹಳದಿ ಬಡ್ಜಿಯೊಂದನ್ನು ನನ್ನ ಅಂಗೈ ಮೇಲೆ ಇಟ್ಟರು. ಅಲುಗಾಡದೆ ಕೂತಿತು. ಎಷ್ಟು ಸಾಧು ಹಕ್ಕಿ ಅಂತ ಕರಗಿ ಹೋದೆ. ಉಸಿರಾಡಿದಾಗಲೆಲ್ಲ ಅದರ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಅದು ಉಸಿರಿಗೆ ಕಷ್ಟಪಡುವ ಲಕ್ಷಣ ಅಂತ ನನಗೆ ಆಗ ಗೊತ್ತಿರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು.

ಹಾಗಾಗಿ ಹೇಳುತ್ತೇನೆ. ಕೈ ಮೇಲೆ ಸುಮ್ನೆ ಕೂತ ಮಾತ್ರಕ್ಕೆ ಪಳಗಿದೆ ಅಂತ ಅಲ್ಲ. ಕಾಯಿಲೆಯ ಹಕ್ಕಿಯೂ ಕೂರುತ್ತದೆ. ರೆಕ್ಕೆ ಕತ್ತರಿಸಿ, ಹಾರಲಾಗದೆ ಹೆದರಿ ಮರಗಟ್ಟಿದ ಹಕ್ಕಿಯೂ ಕೂರುತ್ತದೆ. ಹೆದರಿದ್ದು ಗರಿಗಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು ಕಡ್ಡಿಯಂತೆ ಸಣ್ಣಗಾಗಿರುತ್ತದೆ. ಕಾಯಿಲೆಯದು ಹಾಡುಹಗಲಲ್ಲಿ ಉಬ್ಬಿಕೊಂಡು ಅರೆಗಣ್ಣು ಮಾಡಿರುತ್ತದೆ. ಪಳಗಿದ್ದು ಅತ್ತ ಇತ್ತ ನೋಡುತ್ತದೆ, ನಿಮ್ಮ ಉಗುರು ಕಚ್ಚಿ ನೋಡುತ್ತದೆ, ತೋಳು ಹತ್ತುತ್ತದೆ. ಮಾರುವವರಿಗೆ ಹೇಳಿ, ‘ಹಿಡೀಬೇಡಿ, ಪಂಜರದ ಬಾಗಿಲಲ್ಲಿ ಬೆರಳು ಚಾಚಿ, ಅದೇ ಬರಲಿ’ ಅಂತ. ಅದಾಗಿಯೇ ಬಂದರೆ ಮಾತು ನಿಜ. ಮುಷ್ಟಿಯಲ್ಲಿ ಹಿಡಿದು ಹೊರಗೆ ತೆಗೆದರೆ ಆ ಹೆಚ್ಚಿನ ದುಡ್ಡು ಕೊಡಬೇಡಿ.

ಯಾವ ಹಕ್ಕಿಯೇ ಆಗಲಿ, ಇಪ್ಪತ್ತು ನಿಮಿಷ ದೂರ ನಿಂತು ನೋಡಿ. ಮೂಗಿನ ಹೊಳ್ಳೆ ಒಣಗಿರಬೇಕು, ಬಾಲದ ಕೆಳಗೆ ಹಿಕ್ಕೆ ಅಂಟಿರಬಾರದು, ಎರಡೂ ಕಾಲು ಕಡ್ಡಿಯನ್ನು ಗಟ್ಟಿಯಾಗಿ ಹಿಡಿದಿರಬೇಕು. ನೀವು ಹತ್ತಿರ ಹೋದಾಗ ಎಲ್ಲ ಹಾರಿ, ಆಮೇಲೆ ಮೊದಲು ಕತ್ತು ಚಾಚಿ ನಿಮ್ಮನ್ನೇ ನೋಡುವ ಮರಿ ಯಾವುದೋ, ನನ್ನ ಆಯ್ಕೆ ಅದೇ.

‘ಪೇರ್ ತಗೊಳ್ಳಿ, ಒಂದೇ ಇದ್ರೆ ಸತ್ತೋಗುತ್ತೆ’ ಅಂತ ಹೇಳುತ್ತಾರೆ, ಅಲ್ವಾ? ಒಂಟಿಯಾಗಿದೆ ಅಂತಲೇ ಸಾಯುವುದಿಲ್ಲ. ಆದರೆ ಬಡ್ಜಿ ಹಿಂಡಿನ ಹಕ್ಕಿ. ಒಂದೇ ತಂದರೆ ಆ ಹಿಂಡು ನೀವೇ. ಮನೆಯಲ್ಲಿ ಅಜ್ಜಿಯೋ ತಾತನೋ ಹಗಲೆಲ್ಲ ಇದ್ದರೆ ಒಂದೇ ತನ್ನಿ, ಬೇಗ ಒಗ್ಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ಬರುವ ಮನೆಯಾದರೆ ಎರಡು ಬೇಕು. ಮೊದಲು ಒಂದನ್ನು ಪಳಗಿಸಿ, ಆಮೇಲೆ ಇನ್ನೊಂದು ತನ್ನಿ. ಎರಡನೆಯದನ್ನು ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿ ಇಡಿ, ಕಾಯಿಲೆ ಇದ್ದರೆ ಗೊತ್ತಾಗಲಿ. ಪಂಜರದ ಜೊತೆ ಅಂಗಡಿಯವರು ಮಣ್ಣಿನ ಕುಡಿಕೆ ಕೊಡುತ್ತಾರೆ. ಅದು ಮೊಟ್ಟೆ ಇಡುವ ಗೂಡು, ಮಲಗುವ ಜಾಗವಲ್ಲ. ಮರಿ ಮಾಡಿಸುವ ಯೋಚನೆ ಇಲ್ಲದಿದ್ದರೆ ಅದನ್ನು ಹಾಕಲೇಬೇಡಿ.

ಪಂಜರದ ಸರಳುಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದು ಬೇಡ, ತಲೆ ಸಿಕ್ಕಿಕೊಳ್ಳುತ್ತದೆ. ನುಣುಪು ಪ್ಲಾಸ್ಟಿಕ್ ಕಡ್ಡಿ ತೆಗೆದು ಸೀಬೆ ಕೊಂಬೆ ಹಾಕಿ. ಹಾಲ್‌ನಲ್ಲಿ, ಒಂದು ಬದಿ ಗೋಡೆಗೆ ತಾಗಿದಂತೆ, ನಿಮ್ಮ ಎದೆಯ ಎತ್ತರದಲ್ಲಿ ಇಡಿ. ಬಾಲ್ಕನಿಯಲ್ಲಿ ಇಟ್ಟರೆ ಹದ್ದು, ಕಾಗೆಗಳನ್ನು ನೋಡಿ ದಿನವೆಲ್ಲ ಗಾಬರಿ. ಅಡುಗೆ ಮನೆಯಂತೂ ಬೇಡವೇ ಬೇಡ. ನಾನ್ ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಯಾವುದೂ ಅದಿರುವ ಕೋಣೆಯಲ್ಲಿ ಬೇಡ.

ಈಗ ಮುಖ್ಯ ವಿಷಯ. ತಂದ ಮೇಲೆ ಮೂರು ನಾಲ್ಕು ದಿನ ಕೈ ಹಾಕಬೇಡಿ. ನೀರು, ಕಾಳು ಬದಲಿಸಿ, ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ. ನೀವು ಎದುರಿಗಿದ್ದಾಗಲೇ ಕಾಳು ತಿನ್ನಲು ಶುರು ಮಾಡಿತು ಅಂದರೆ ಮೊದಲ ಬಾಗಿಲು ತೆರೆಯಿತು.

ನಮ್ಮ ಎರಡನೇ ಹಕ್ಕಿಗೆ ಅವರೆ ಅಂತ ಹೆಸರು. ಎಳೆ ಅವರೆಕಾಳಿನ ಬಣ್ಣ. ಆ ಹಳದಿ ಹಕ್ಕಿ ಹೋದ ಮೇಲೆ ಇದನ್ನಾದರೂ ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುವ ಅವಸರದಲ್ಲಿ ಮೊದಲ ದಿನವೇ ಮೇಲಿನಿಂದ ಕೈ ಹಾಕಿ ಹಿಡಿದೆ. ಬೆರಳಲ್ಲಿ ರಕ್ತ ಬಂತು, ಅದಿರಲಿ. ಮುಂದಿನ ಮೂರು ವಾರ ನನ್ನ ಕೈ ಕಂಡರೆ ಪಂಜರಕ್ಕೆ ಅಪ್ಪಳಿಸಿಕೊಳ್ಳುತ್ತಿತ್ತು. ಬಡ್ಜಿಗೆ ಮೇಲಿನಿಂದ ಬರುವುದೆಲ್ಲ ಹದ್ದೇ. ಕೈ ಯಾವಾಗಲೂ ಮುಂದಿನಿಂದ, ಅದರ ಎದೆಗಿಂತ ಕೆಳಗಿನಿಂದ, ಅದಕ್ಕೆ ಕಾಣುವಂತೆ ನಿಧಾನವಾಗಿ ಬರಬೇಕು.

ಕೊನೆಗೆ ನಮ್ಮಿಬ್ಬರನ್ನು ಹತ್ತಿರ ತಂದದ್ದು ನವಣೆ ತೆನೆ. ಅಂಗಡಿಗಳಲ್ಲಿ ಮಿಲೆಟ್ ಸ್ಪ್ರೇ ಅಂತ ಪ್ಯಾಕೆಟ್‌ನಲ್ಲಿ ಸಿಗುವುದೂ ಅದೇ. ಊರಲ್ಲಿ ನವಣೆ ಬೆಳೆಯುವ ನೆಂಟರಿದ್ದರೆ ಔಷಧಿ ಹೊಡೆಯದ ನಾಲ್ಕು ತೆನೆ ತರಿಸಿಕೊಳ್ಳಿ. ಪಂಜರದಲ್ಲಿ ನೇತುಹಾಕಬೇಡಿ. ಅದು ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ನಾನು ಬಾಗಿಲಲ್ಲಿ ತೆನೆಯ ತುದಿ ಹಿಡಿದು ಕೂರುತ್ತಿದ್ದೆ. ಅವರೆ ಕಾಲನ್ನು ಕಡ್ಡಿಯಿಂದ ಕದಲಿಸದೆ, ಕತ್ತನ್ನು ರಬ್ಬರ್‌ನಂತೆ ಎಳೆದು, ಒಂದು ಕಾಳು ಕಿತ್ತುಕೊಂಡು ಹಿಂದೆ ಸರಿಯುತ್ತಿತ್ತು. ದಿನಕ್ಕೆ ಎರಡು ಸಲ, ಹತ್ತು ನಿಮಿಷ. ದಿನ ಕಳೆದಂತೆ ತೆನೆಯನ್ನು ಗಿಡ್ಡವಾಗಿ ಹಿಡಿದೆ. ಕಾಳು ಬೇಕಾದರೆ ನನ್ನ ಬೆರಳನ್ನು ದಾಟಿ ಬರಬೇಕು. ಒಂದು ದಿನ ಒಂದು ಕಾಲು ಬೆರಳ ಮೇಲಿಟ್ಟು, ತಕ್ಷಣ ಎತ್ತಿಕೊಂಡಿತು. ಮತ್ತೆ ಇಟ್ಟಿತು. ನಾನು ಅಲುಗಾಡಲಿಲ್ಲ. ಮೂರು ದಿನ ಬರೀ ಒಂದು ಕಾಲು. ನಾಲ್ಕನೇ ದಿನ ಎರಡೂ. ಹತ್ತು ರೂಪಾಯಿಯ ನಾಲ್ಕು ನಾಣ್ಯದಷ್ಟು ಭಾರ, ಬೆಚ್ಚಗಿನ ಪುಟ್ಟ ಪಾದ. ಆ ಹೊತ್ತಿನಲ್ಲಿ ಅದನ್ನು ಮುಟ್ಟಬೇಕು ಅನ್ನುವ ಆಸೆ ತುಂಬಾ ಬರುತ್ತದೆ. ಮುಟ್ಟಬೇಡಿ. ತಿಂದು ಅದಾಗಿಯೇ ಹೋಗಲಿ. ಬೇಕೆಂದಾಗ ಹೋಗಬಹುದು ಅಂತ ಗೊತ್ತಾದ ಹಕ್ಕಿ ಮತ್ತೆ ಬರುತ್ತದೆ.

ಇಷ್ಟಾದ ಮೇಲೆ ಬೆರಳನ್ನು ಅದರ ಕಾಲಿಗಿಂತ ಸ್ವಲ್ಪ ಮೇಲೆ, ಹೊಟ್ಟೆಯ ಕೆಳಭಾಗಕ್ಕೆ ಮೆತ್ತಗೆ ತಾಗಿಸಿ ‘ಹತ್ತು’ ಅನ್ನಿ. ಮನೆಯವರೆಲ್ಲ ಅದೇ ಒಂದು ಮಾತು ಬಳಸಿ. ಹತ್ತುವ ಮೊದಲು ಕೊಕ್ಕಿನಿಂದ ಬೆರಳನ್ನು ಹಿಡಿದು ನೋಡುತ್ತದೆ. ಕೊಂಬೆ ಗಟ್ಟಿ ಇದೆಯಾ ಅಂತ ನೋಡುವ ಹಾಗೆ. ಮಕ್ಕಳು ಕಚ್ಚಿತು ಅಂತ ಕೈ ಎಳೆದುಕೊಂಡುಬಿಡುತ್ತಾರೆ. ಆಗ ಈ ಕೊಂಬೆ ಭದ್ರ ಇಲ್ಲ ಅಂತ ಹಕ್ಕಿ ಹಿಂಜರಿಯುತ್ತದೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ. ಎಷ್ಟು ದಿನ ಬೇಕು ಅನ್ನುವುದು ಹಕ್ಕಿಯಿಂದ ಹಕ್ಕಿಗೆ ಬೇರೆ. ಕೆಲವಕ್ಕೆ ಎರಡು ವಾರ, ಕೆಲವಕ್ಕೆ ನಾಲ್ಕು ತಿಂಗಳು.

ಕೋಣೆಯಲ್ಲಿ ಹೊರಗೆ ಬಿಡುವ ಮುಂಚೆ ಫ್ಯಾನ್ ಆರಿಸಿ. ಇದನ್ನು ಮರೆತು ಹಕ್ಕಿ ಕಳೆದುಕೊಂಡವರು ನನಗೆ ಗೊತ್ತು. ಕಿಟಕಿ ಮುಚ್ಚಿ ಪರದೆ ಎಳೆಯಿರಿ, ನೀರಿನ ಬಕೆಟ್ ಮುಚ್ಚಿ. ರೆಕ್ಕೆ ಕತ್ತರಿಸಿದರೆ ಬೇಗ ಪಳಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾರಿ ಹೋಗಲು ಆಗುತ್ತಿದ್ದೂ ಹಾರಿ ಬಂದು ಭುಜದ ಮೇಲೆ ಕೂರುವುದೇ ಸ್ನೇಹ. ಕೂತು ಒಂದು ಕಾಲು ಮಡಚಿ, ಗರಿ ಸಡಿಲ ಬಿಟ್ಟು, ಕೊಕ್ಕನ್ನು ಕರಕರ ಮಸೆದರೆ ನಿದ್ದೆಗೆ ಮುಂಚಿನ ನೆಮ್ಮದಿ ಅದು.

ಬರೀ ನವಣೆ, ಸಜ್ಜೆ ಹಾಕಿದರೆ ಕೊಬ್ಬು ಬರುತ್ತದೆ. ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ರೂಢಿ ಮಾಡಿಸಿ, ಚೆನ್ನಾಗಿ ತೊಳೆದು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಉಪ್ಪಿನ ಕುರುಕಲು ಕೊಡಬಾರದು. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲೆ, ಮೌನ ಬೇಕು. ದೀಪಾವಳಿಯ ರಾತ್ರಿಗಳಲ್ಲಿ ಮಾತ್ರ ಸಣ್ಣ ದೀಪ ಉರಿಸಿಡಿ. ಪಟಾಕಿ ಸದ್ದಿಗೆ ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುತ್ತವೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತವೆ. ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತರೆ ನಾಳೆ ನೋಡೋಣ ಅನ್ನಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನಿಮ್ಮ ಹತ್ತಿರ ಹಕ್ಕಿ ನೋಡುವ ಡಾಕ್ಟರ್ ಯಾರಿದ್ದಾರೆ ಅಂತ ಹಕ್ಕಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಮಾತು ಕಲಿಯುತ್ತದಾ ಅಂತಲೂ ಮಗಳು ಕೇಳಿಯೇ ಕೇಳುತ್ತಾಳೆ. ಗಂಡು ಹಕ್ಕಿಗಳು ಹೆಚ್ಚು ಕಲಿಯುತ್ತವೆ. ಬೆಳೆದ ಗಂಡಿಗೆ ಸಾಮಾನ್ಯವಾಗಿ ಮೂಗಿನ ಭಾಗ ನೀಲಿ, ಹೆಣ್ಣಿಗೆ ಕಂದು. ಕ್ಯಾಲಿಫೋರ್ನಿಯಾದ ಪಕ್ ಎಂಬ ಗಂಡು ಬಡ್ಜಿ 1,728 ಪದ ಕಲಿತು ಗಿನ್ನೆಸ್ ದಾಖಲೆಗೆ ಸೇರಿತ್ತು. ನಮ್ಮ ಅವರೆಗೆ ಬರುವುದು ಎರಡೇ. ತನ್ನ ಹೆಸರು, ಮತ್ತೆ ‘ಊಟ ಆಯ್ತಾ’.

ಹಕ್ಕಿ ಮನೆಗೆ ಬಂದ ದಿನದಿಂದ ಮಗಳಿಗೆ ಒಂದು ಕೆಲಸ ಕೊಡಿ. ದಿನಾ ಸಂಜೆ ಪಂಜರದಿಂದ ಮೂರಡಿ ದೂರ ಕೂತು ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲಿ. ಹಕ್ಕಿಯ ಕಡೆ ದಿಟ್ಟಿಸಿ ನೋಡುವುದು ಬೇಡ, ಪುಸ್ತಕ ನೋಡಿಕೊಂಡಿರಲಿ. ಒಂದು ವಾರದಲ್ಲಿ ಅದು ಕಡ್ಡಿಯ ಮೇಲೆ ಒಂದೊಂದೇ ಹೆಜ್ಜೆ ಸರಿದು, ಅವಳಿರುವ ಬದಿಗೆ ಬಂದು ಕೂರಲು ಶುರು ಮಾಡಬಹುದು. ಆಗ ತೆನೆ ಕೈಗೆತ್ತಿಕೊಳ್ಳಿ.