ಟೆಂಡರ್ ಆದ ಮೇಲೆ ಜನರನ್ನು ಕೇಳಬೇಡಿ

ದಕ್ಷಿಣ ಜರ್ಮನಿಯಲ್ಲಿದ್ದುಕೊಂಡು ಸಣ್ಣ ಪಟ್ಟಣಗಳಿಗೆ ಕಸದ ವ್ಯವಸ್ಥೆ ರೂಪಿಸಿಕೊಡುವುದು ನನ್ನ ಕೆಲಸ. ನಗರಸಭೆಗಳಿಂದ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಷ್ಟು ಹೊತ್ತಿಗೆ ಟೆಂಡರ್ ಮುಗಿದಿರುತ್ತದೆ. ಡಬ್ಬಿಯ ಅಳತೆ, ಲಾರಿ ಹೋಗುವ ದಾರಿ, ಯಾವ ವಾರ ಯಾವ ಕಸ, ಎಲ್ಲ ತೀರ್ಮಾನ ಆಗಿರುತ್ತದೆ. "ಜನರನ್ನು ಸೇರಿಸಿಕೊಳ್ಳುವುದೊಂದು ಬಾಕಿ. ಎರಡು ಸಭೆ ಮಾಡಿಸಿಕೊಡಿ" ಎನ್ನುತ್ತಾರೆ.

ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ಹುಡುಗಿಯನ್ನು ಒಪ್ಪಿಗೆನಾ ಅಂತ ಕೇಳಿದ ಹಾಗಾಯಿತು ಇದು. ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಯಾಕೆಂದರೆ ಇದೇ ಅಧಿಕಾರಿಗಳು ಆರು ತಿಂಗಳಾದ ಮೇಲೆ ಮತ್ತೆ ಫೋನ್ ಮಾಡಿ, "ನಮ್ಮ ಜನಕ್ಕೆ ಪರಿಸರದ ಕಾಳಜಿ ಇಲ್ಲ" ಎಂದು ದೂರುತ್ತಾರೆ.

ಒಂದು ಗುಡ್ಡದ ಪಟ್ಟಣದ ಸಭೆಯ ವಿಷಯ ಹೇಳಲೇಬೇಕು. ಚರ್ಚಿನ ಪಕ್ಕದ ಹಾಲ್, ಕಾಫಿ, ಕೇಕ್, ಗೋಡೆಯ ಮೇಲೆ ಬಣ್ಣದ ಚೀಟಿಗಳು. ವಯಸ್ಸಾದ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: "ನಾನು ಬೇಡ ಅಂದರೆ ಇದರಲ್ಲಿ ಯಾವುದು ಬದಲಾಗುತ್ತೆ?" ಅಧಿಕಾರಿಗೆ ಉತ್ತರ ತೋಚಲಿಲ್ಲ. "ಇವತ್ತು ಮಾಹಿತಿ ಕೊಡುವುದಕ್ಕೆ ಮಾತ್ರ ಬಂದಿದ್ದೇವೆ" ಎಂದರು. ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಅವರ ಮನೆ ಇರುವ ಓಣಿ ಕಡಿದಾದ ಏರು. ಲಾರಿ ಮೇಲೆ ಬರುವುದಿಲ್ಲ. ಹಿಮ ಬಿದ್ದ ದಿನ ತುಂಬಿದ ಡಬ್ಬಿಯನ್ನು ತಿರುವಿನವರೆಗೂ ಅವರೇ ತಳ್ಳಿಕೊಂಡು ಹೋಗಬೇಕು. ನಕ್ಷೆಯಲ್ಲಿ ಆ ಓಣಿ ಇತ್ತು, ಆದರೆ ಅದರ ಏರು ಕಾಣುತ್ತಿರಲಿಲ್ಲ. ಆ ಓಣಿಗೆ ಡಬ್ಬಿಯ ಬದಲು ಚೀಲ ಕೊಟ್ಟಿದ್ದರೆ ಸಾಕಿತ್ತು. ಆದರೆ ಡಬ್ಬಿಗಳ ಆರ್ಡರ್ ಆಗಲೇ ಹೋಗಿತ್ತು.

ಅಜ್ಜಿ ಕೇಳಿದ ಆ ಪ್ರಶ್ನೆಯನ್ನೇ ನಾನು ಈಗ ಪ್ರತಿ ನಗರಸಭೆಗೂ ಮೊದಲು ಕೇಳುತ್ತೇನೆ. ಜನ ಬೇಡ ಅಂದರೆ ಯಾವುದು ಬದಲಾಗುತ್ತದೆ? ಯಾವುದೂ ಇಲ್ಲ ಅಂದರೆ ಸಭೆ ಬೇಡ, ಒಂದು ಪತ್ರ ಕಳಿಸಿ. ಅದಾದರೂ ಪ್ರಾಮಾಣಿಕ.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲವನ್ನೂ ಜನರೇ ತೀರ್ಮಾನಿಸಲಿ ಎಂದು ನಾನು ಹೇಳುತ್ತಿಲ್ಲ. ಹಸಿ ಕಸವನ್ನು ಬೇರೆಯಾಗಿ ಸಂಗ್ರಹಿಸಬೇಕು, ಇಲ್ಲವೇ ಅದು ಹುಟ್ಟುವ ಕಡೆಯೇ ಗೊಬ್ಬರ ಆಗಬೇಕು ಎಂದು ಯುರೋಪಿಯನ್ ಒಕ್ಕೂಟದ ಕಾನೂನೇ ಹೇಳುತ್ತದೆ. ಅದಕ್ಕೆ ಕೊಟ್ಟಿದ್ದ ಗಡುವು 2023ರ ಕೊನೆಗೇ ಮುಗಿದಿದೆ. ಹಾಗಾಗಿ 'ಮಾಡಬೇಕಾ ಬೇಡವಾ' ಎಂದು ಸಭೆಯಲ್ಲಿ ಕೇಳುವುದು ಸುಳ್ಳು. ಆದರೆ ಹೇಗೆ ಎನ್ನುವುದು ಪೂರ್ತಿ ತೆರೆದಿದೆ. ಯಾವ ದಿನ? ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಸಲ? ಡಬ್ಬಿ ಇಡುವುದಕ್ಕೆ ಜಾಗವೇ ಇಲ್ಲದ ಮನೆಗಳಿಗೆ ಏನು? ನಡೆಯಲಾಗದವರ ಕಸ ಯಾರು ತರುತ್ತಾರೆ? ಮೊದಲ ಸಭೆಯಲ್ಲೇ ಎರಡು ಪಟ್ಟಿ ಗೋಡೆಗೆ ಅಂಟಿಸಿ: ಬದಲಾಗದ್ದು, ಬದಲಾಗಬಹುದಾದದ್ದು. ಜನ ಮೊದಲನೆಯದನ್ನು ಒಪ್ಪಿಕೊಳ್ಳುತ್ತಾರೆ, ಎರಡನೆಯದು ನಿಜವಾಗಿದ್ದರೆ ಮಾತ್ರ.

ಇದನ್ನು ಸರಿಯಾಗಿ ಮಾಡಿದ ಊರು ಇಟಲಿಯ ಕಪಾನ್ನೊರಿ. ಟಸ್ಕನಿಯಲ್ಲಿ ಲುಕ್ಕಾ ಪಕ್ಕದಲ್ಲಿದೆ. ಸುಮಾರು 46,000 ಜನ, ಚದುರಿದ ಹಳ್ಳಿಗಳು. 1997ರ ಹೊತ್ತಿಗೆ ಅಲ್ಲಿ ಕಸ ಸುಡುವ ಘಟಕ ಕಟ್ಟುವ ಯೋಜನೆ ಬಂತು. ಪ್ರೈಮರಿ ಶಾಲೆಯ ಮೇಷ್ಟ್ರು ರೊಸ್ಸಾನೊ ಎರ್ಕೊಲಿನಿ ಊರಿನವರನ್ನು ಸೇರಿಸಿ ಅದನ್ನು ನಿಲ್ಲಿಸಿದರು. 2013ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಹೋರಾಟದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರ ನಂತರದ ಕೆಲಸವೇ ಜಾಸ್ತಿ ಮುಖ್ಯ.

ಸುಡುವುದು ಬೇಡ ಅಂದ ಮೇಲೆ ಕಸ ಎಲ್ಲಿಗೆ ಹೋಗಬೇಕು? ಮನೆಬಾಗಿಲಿಗೆ ಬಂದು ಬೇರ್ಪಡಿಸಿದ ಕಸ ಒಯ್ಯುವ ಪದ್ಧತಿಯನ್ನು 2005ರಲ್ಲಿ ಶುರು ಮಾಡಿದರು. ಇಡೀ ಊರಿಗೆ ಒಮ್ಮೆಲೇ ಅಲ್ಲ, ಸಣ್ಣ ಹಳ್ಳಿಗಳಿಂದ. ತಪ್ಪಾದರೆ ಅಲ್ಲೇ ಕಾಣುತ್ತದೆ, ಅಲ್ಲೇ ತಿದ್ದಬಹುದು. ಮೊದಲು ಜನರನ್ನು ಕರೆದು ಸಭೆ, ಅವರಿಂದ ಸಲಹೆ. ಕೆಲವು ವಾರಗಳ ನಂತರ ಸ್ವಯಂಸೇವಕರು ಮನೆಮನೆಗೆ ಡಬ್ಬಿ, ಚೀಲ, ಮಾಹಿತಿ ಹಾಳೆ ತಂದುಕೊಟ್ಟರು. ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಅವರಿಗೆ ತರಬೇತಿ ಆಗಿತ್ತು. ಇಡೀ ಊರನ್ನು ಮುಟ್ಟಲು 2010ರವರೆಗೂ ಹಿಡಿಯಿತು. ಅಷ್ಟು ಹೊತ್ತಿಗೆ 82% ಕಸ ಮನೆಯಲ್ಲೇ ಬೇರೆಯಾಗುತ್ತಿತ್ತು. ನಡುವೆ 2007ರಲ್ಲಿ ಯುರೋಪಿನಲ್ಲೇ ಮೊದಲ ಬಾರಿಗೆ 'ಶೂನ್ಯ ಕಸ'ದ ಗುರಿ, ಅಂದರೆ ಹೂಳುವುದಕ್ಕೂ ಸುಡುವುದಕ್ಕೂ ಏನೂ ಉಳಿಯಬಾರದು ಎನ್ನುವ ಗುರಿ, ಘೋಷಿಸಿದ್ದೂ ಇದೇ ಊರು.

ಐದು ವರ್ಷ ಎಂದಾಗ ನಗರಸಭೆಯವರ ಮುಖ ಸಪ್ಪಗಾಗುತ್ತದೆ. ಅವರ ಕಷ್ಟ ನನಗೆ ಗೊತ್ತು. ಚುನಾವಣೆ ಬರುತ್ತದೆ, ಅನುದಾನದ ಗಡುವು ಬರುತ್ತದೆ. ಆದರೂ ಒಂದು ಹಳ್ಳಿಯಿಂದ, ಒಂದು ಬಡಾವಣೆಯಿಂದ ಶುರು ಮಾಡುವುದಕ್ಕೆ ಯಾವ ಗಡುವೂ ಅಡ್ಡ ಬರುವುದಿಲ್ಲ.

ಕಪಾನ್ನೊರಿಯವರು ಇನ್ನೊಂದು ಕೆಲಸ ಮಾಡಿದರು. ಬೇರ್ಪಡಿಸಿದ ಮೇಲೂ ಉಳಿಯುವ ಚೀಲವನ್ನು ಬಿಚ್ಚಿ, ಒಳಗೆ ಏನಿದೆ ಎಂದು ನೋಡಿದರು. ಕಾಫಿ ಕ್ಯಾಪ್ಸೂಲ್‌ಗಳು, ಅಂದರೆ ಯಂತ್ರಕ್ಕೆ ಲೋಟಕ್ಕೊಂದರಂತೆ ಹಾಕುವ ಕಾಫಿಪುಡಿಯ ಪುಟ್ಟ ಡಬ್ಬಿಗಳು, ಸಿಕ್ಕವು. ಮಕ್ಕಳ ಡೈಪರ್‌ಗಳು ಸಿಕ್ಕವು. ಅದಕ್ಕೆ ಜನರನ್ನು ಬೈಯಲಿಲ್ಲ. ಕ್ಯಾಪ್ಸೂಲ್ ವಿಷಯಕ್ಕೆ ತಯಾರಿಸುವ ಕಂಪನಿಗಳ ಜೊತೆ ಮಾತಿಗೆ ಕುಳಿತರು. ತೊಳೆದು ಬಳಸುವ ಬಟ್ಟೆ ಡೈಪರ್‌ಗೆ ಸಹಾಯಧನ ಕೊಟ್ಟರು. ಮನೆಯವರು ಎಷ್ಟೇ ಬೇರ್ಪಡಿಸಿದರೂ ಮರುಬಳಕೆಗೆ ಬಾರದ ವಸ್ತು ಅದು, ಅವರ ತಪ್ಪೇನಿದೆ ಅಲ್ವಾ?

ಜರ್ಮನಿಯ ಫ್ರೈಬುರ್ಗ್ ನಗರದ ವೊಬಾನ್ ಬಡಾವಣೆಯಲ್ಲೂ ಇದೇ ಕ್ರಮ, ಮೊದಲು ಜನ. 1992ರಲ್ಲಿ ಫ್ರೆಂಚ್ ಸೈನಿಕರು ಖಾಲಿ ಮಾಡಿ ಹೋದ ಬ್ಯಾರಕ್ ಜಾಗ ಅದು. ಬಡಾವಣೆ ಕಾಗದದ ಮೇಲೆ ಇರುವಾಗಲೇ ನಾಗರಿಕರ ಸಂಘ ಚರ್ಚೆಗೆ ಇಳಿಯಿತು. ಕಾರಿಲ್ಲದೆ ಬದುಕುತ್ತೇವೆ ಎಂದು ಹಲವರು ಮುಂದೆ ಬಂದರು. ಆದರೆ ಪ್ರತಿ ಮನೆಗೂ ಪಾರ್ಕಿಂಗ್ ಜಾಗ ತೋರಿಸಬೇಕು ಎನ್ನುವುದು ರಾಜ್ಯದ ಕಟ್ಟಡ ನಿಯಮ. ಅವರು ಒಂದು ಸಂಘ ಕಟ್ಟಿ, ಮುಂದೆಂದಾದರೂ ಬೇಕಾದರೆ ಪಾರ್ಕಿಂಗ್‌ಗೆ ಎಂದು ನೆಲ ಕಾದಿರಿಸಿದರು. ನಿಯಮ ಪಾಲಿಸಿದ ಹಾಗಾಯಿತು, ನೆಲ ಹಸಿರಾಗಿಯೇ ಉಳಿಯಿತು. ಈ ಉಪಾಯ ಮನೆ ಕಟ್ಟಿ ಮುಗಿದ ಮೇಲೆ ಹೊಳೆದಿದ್ದರೆ ಏನೂ ಉಪಯೋಗ ಇರಲಿಲ್ಲ.

ಸ್ಪೇನಿನ ಪೊಂತೆವೆದ್ರ ಊರು ಯಾವ ಜಾಗಕ್ಕೆ ನಡೆದರೆ ಎಷ್ಟು ನಿಮಿಷ ಎಂದು ತೋರಿಸುವ ನಕ್ಷೆ ಮಾಡಿದೆ. ಆ ನಕ್ಷೆಯನ್ನು ಎಷ್ಟೋ ಊರುಗಳು ನಕಲು ಮಾಡಿವೆ. ಪೊಂತೆವೆದ್ರ ಮಾತ್ರ 1999ರಿಂದಲೇ ನಡುಪಟ್ಟಣದ ಬೀದಿಗಳಿಂದ ಕಾರುಗಳನ್ನು ತೆಗೆಯುತ್ತಾ ಬಂದಿತ್ತು. ನಕ್ಷೆ ಬಂದಿದ್ದು ಆಮೇಲೆ. ನಮ್ಮ ಕಡೆಯಿಂದ ನೋಡಲು ಬರುವ ಗೆಳೆಯರೂ ಡಬ್ಬಿಯ, ನಕ್ಷೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಸಭೆಗಳು ಹೇಗೆ ನಡೆದವು ಎಂದು ಕೇಳುವವರು ಕಡಿಮೆ.

ಕೊನೆಗೆ ದುಡ್ಡಿನ ವಿಷಯ. ಕಪಾನ್ನೊರಿಯ ಕೆಲವು ಹಳ್ಳಿಗಳಲ್ಲಿ 2012ರಿಂದ ಉಳಿಕೆ ಕಸದ ಚೀಲಕ್ಕೆ ಚಿಪ್ ಇರುವ ಸ್ಟಿಕರ್ ಹಚ್ಚುತ್ತಾರೆ. ಲಾರಿ ಅದನ್ನು ಓದುತ್ತದೆ, ಹಾಕಿದ್ದಕ್ಕೆ ತಕ್ಕಂತೆ ಬಿಲ್ ಬರುತ್ತದೆ. ಅಲ್ಲಿ ಬೇರ್ಪಡಿಸುವ ಪ್ರಮಾಣ 90% ಮುಟ್ಟಿತು. ಇದನ್ನು ಕೇಳಿದ ಕೂಡಲೇ ಎಲ್ಲರಿಗೂ ಮೊದಲು ಬೇಕಾಗುವುದು ಈ ಸ್ಟಿಕರ್. ದಯವಿಟ್ಟು ಅವಸರ ಬೇಡ. ಅವರು ಅದನ್ನು ತಂದದ್ದು ಮನೆಬಾಗಿಲ ಸಂಗ್ರಹ ಶುರುವಾದ ಏಳು ವರ್ಷದ ನಂತರ. ಮನೆಬಾಗಿಲ ಸಂಗ್ರಹ ಪಕ್ಕಾ ಆಗುವ ಮೊದಲೇ ಚೀಲಕ್ಕೆ ದುಡ್ಡು ಕೇಳಿದರೆ ಕಸ ರಸ್ತೆ ಬದಿಗೆ, ತೋಪಿಗೆ ಹೋಗುವ ಅಪಾಯ ಇದೆ. ಹಸುಗೂಸು ಇರುವ ಮನೆ, ಹಾಸಿಗೆ ಹಿಡಿದವರು ಇರುವ ಮನೆಗಳಿಗೆ ರಿಯಾಯಿತಿ ಎಷ್ಟು ಎನ್ನುವುದನ್ನು ದರ ನಿಗದಿ ಮಾಡುವ ಮೊದಲೇ ಆ ಮನೆಯವರನ್ನು ಕೂರಿಸಿಕೊಂಡು ಬರೆದಿಡಿ.