ಒಂದು ಹನಿಯೂ ಸೋರದ ಸೋರಿಕೆ

ನಮ್ಮ ಕಾಕಾನ ಹಳೇ ಡೀಸೆಲ್ ಜೀಪು ಕಬ್ಬಿನ ಸೀಜನ್ ನಡುವೆಯೇ ಕೈಕೊಟ್ಟಿತು. ಕಾಕಾನೇ ಕೆಡಿಸಿದ ಅಂದರೂ ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆ ಅನ್ನುವ ಧೈರ್ಯ ಮಾಡಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪಿನ ಮೇಲಿರುವ ಕೈಪಂಪಿನಿಂದ ಡೀಸೆಲ್ ಜಿನುಗುತ್ತಿತ್ತು. ಮುಧೋಳದಿಂದ ರಿಪೇರಿ ಕಿಟ್ ತಂದ. ಅಂಗಳದಲ್ಲಿ ಗೋಣಿಚೀಲ ಹಾಸಿ, ಪಾನಾ ಹಿಡಿದು ಕೂತ. ಎರಡು ತಾಸಿನಲ್ಲಿ ಪಂಪ್ ಬಿಚ್ಚಿ, ರಬ್ಬರ್ ರಿಂಗು, ಸ್ಪ್ರಿಂಗು ಬದಲಿಸಿ ತಿರುಗಿ ಕೂಡಿಸಿದ. ಜಿನುಗುವುದು ನಿಂತಿತು. ಜೀಪೂ ನಿಂತಿತು.

ಪೂರ್ತಿ ನಿಂತಿದ್ದರೆ ಒಳ್ಳೆಯದಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ, ಇನ್ನೇನು ಬ್ಯಾಟರಿ ಇಳಿಯಬೇಕು ಅನ್ನುವಾಗ ಸ್ಟಾರ್ಟ್ ಆಗುತ್ತಿತ್ತು. ನಿಂತಲ್ಲೇ ಚೆನ್ನಾಗಿ ಓಡುತ್ತಿತ್ತು. ಲೋಕಾಪುರದ ದಾರಿ ಹಿಡಿದು ಸ್ವಲ್ಪ ಏರು ಬಂತೋ, ಜಗ್ಗಾಡಿ ಜಗ್ಗಾಡಿ ಬಂದ್. ಬಾನೆಟ್ ಎತ್ತಿ ಕೈಪಂಪ್ ಒತ್ತಿದರೆ ಮತ್ತೆ ಚಾಲೂ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಹದಿನಾರು ಹದಿನೆಂಟು ಪಟ್ಟು ಕಿರಿದಾಗಿ ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆಗ ಡೀಸೆಲ್ ಸಿಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಅದು ಮಂಜಿನ ಹಾಗೆ ಸಿಡಿಯಬೇಕು. ಅದಕ್ಕೇ ಡೀಸೆಲ್ ಸಿಡಿಸುವ ನೋಝಲ್‌ನೊಳಗೆ ಗಟ್ಟಿ ಸ್ಪ್ರಿಂಗ್ ಇದೆ. ಹಳೇ ಇಂಜಿನ್‌ಗಳಲ್ಲಿ ಒತ್ತಡ 200 ಬಾರ್ ಆಸುಪಾಸು ಮುಟ್ಟುವವರೆಗೂ ಅದು ಬಾಯಿ ಬಿಡುವುದಿಲ್ಲ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಒಂದು ಬಾರ್. ಅದರ ಇನ್ನೂರು ಪಟ್ಟು!

ಇಷ್ಟು ಒತ್ತಡ ಹುಟ್ಟಿಸುವ ದೊಡ್ಡ ಪಂಪು ಒಂದು ಸಲಕ್ಕೆ ತಳ್ಳುವ ಡೀಸೆಲ್ ಹೆಚ್ಚೂಕಡಿಮೆ ಒಂದು ಹನಿ ಅಷ್ಟೇ. ಡೀಸೆಲ್ ಜಗ್ಗುವ ಪೈಕಿ ಅಲ್ಲ. 200 ಬಾರ್ ಒತ್ತಿದರೂ ಅದು ಕುಗ್ಗುವುದು ಶೇಕಡಾ 1ರ ಆಸುಪಾಸು. ಹಾಗಾಗಿ ಈ ತುದಿಯಲ್ಲಿ ತಳ್ಳಿದ್ದು ಆ ತುದಿಗೆ ಮುಟ್ಟುತ್ತದೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಸೇರಿದರೆ ಎಲ್ಲ ಕೆಟ್ಟಿತು. ಪಂಪ್ ತಳ್ಳಿದಾಗ ಗುಳ್ಳೆ ಮುದುಡುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಹನಿಯಷ್ಟು ತಳ್ಳಾಟವೆಲ್ಲ ಗುಳ್ಳೆಯ ಹೊಟ್ಟೆಗೇ ಹೋಯಿತು. ನೋಝಲ್‌ಗೆ ಸುದ್ದಿಯೇ ಇಲ್ಲ. ಮೆಕ್ಯಾನಿಕ್‌ಗಳು ಏರ್ ಹಿಡಿದಿದೆ ಅನ್ನುವುದು ಇದಕ್ಕೇ.

ತಮಾಷೆ ಅಂದರೆ, ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್‌ನಲ್ಲಿ ಇಂಧನವನ್ನು ಒಳಗೆ ಊದುತ್ತಿದ್ದದ್ದು ಗಾಳಿಯೇ. ಅದಕ್ಕೆ ಬೇರೆ ಕಂಪ್ರೆಸರ್ ಬೇಕಿತ್ತು. 1927ರಲ್ಲಿ ಬಾಷ್ ಕಂಪನಿ ಡೀಸೆಲ್ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಆ ಭಾರದ ಸಾಮಾನು ತಪ್ಪಿತು. ಗಾಳಿ ಅಲ್ಲಿಯವರೆಗೆ ನೆಂಟ, ಆಮೇಲೆ ಕಳ್ಳ.

ಕಾಕಾನಿಗೆ ಅನುಮಾನ ಇದ್ದದ್ದು ದೊಡ್ಡ ಪಂಪಿನ ಮೇಲೆ. ಅದನ್ನೂ ಬಿಚ್ಚಲು ಹೊರಟಿದ್ದ. ಅಷ್ಟರಲ್ಲಿ ಮಿಸ್ತ್ರಿ ಬಂದದ್ದು ಪುಣ್ಯ. ಆ ಪಂಪಿನ ಎಲಿಮೆಂಟು, ಅಂದರೆ ಒಳಗೆ ಮೇಲೆ ಕೆಳಗೆ ಆಡುವ ಕಡ್ಡಿ ಮತ್ತು ಅದರ ಕೊಳವೆ, ಒಂದಕ್ಕೊಂದು ಜೋಡಿಯಾಗಿ ಉಜ್ಜಿ ಮಾಡಿದ್ದು. ನಡುವಿನ ಸಂದು ಎರಡು ಮೂರು ಮೈಕ್ರಾನ್. ನಮ್ಮ ಒಂದು ಕೂದಲಿನ ದಪ್ಪ 70 ಮೈಕ್ರಾನ್ ಸುಮಾರು. ಅಂಗಳದ ಧೂಳಿನಲ್ಲಿ ಬಿಚ್ಚುವ ವಸ್ತು ಅಲ್ವೇ ಅಲ್ಲ.

ಟೈಮಿಂಗ್, ಅಂದರೆ ಡೀಸೆಲ್ ಸಿಡಿಯಬೇಕಾದ ಗಳಿಗೆ, ತಪ್ಪಿರಬಹುದಾ ಅಂತ ನಾನು ಕೇಳಿದೆ. ಅದೂ ಅಲ್ಲ. ಫೀಡ್ ಪಂಪ್ ದೊಡ್ಡ ಪಂಪಿನ ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಸಾಮಾನು. ಅದನ್ನು ಬಿಚ್ಚಿದರೆ ಟೈಮಿಂಗ್ ಅಲುಗುವುದಿಲ್ಲ. ಅಲ್ಲದೆ ಟೈಮಿಂಗ್ ತಪ್ಪಿದ್ದರೆ ಕೈಪಂಪ್ ಒತ್ತಿದ ಕೂಡಲೇ ಸರಿ ಹೋಗುತ್ತಿರಲಿಲ್ಲ. ಹೊಗೆಯೂ ಒಂದು ಸುಳಿವು. ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ. ನಮ್ಮದು ಹೊಗೆಯನ್ನೇ ಬಿಡುತ್ತಿರಲಿಲ್ಲ. ಅಂದರೆ ಒಳಗೆ ಏನೂ ಹೋಗುತ್ತಿರಲಿಲ್ಲ.

ಮಿಸ್ತ್ರಿ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದ. ಬುರುಗು ಬುರುಗಾಗಿ ಗಾಳಿ ಬಂತು.

“ಏರ್ ಐತ್ರೀ ಗೌಡ್ರ. ಎಲ್ಲಿಂದೋ ಎಳಕೊಳ್ಳಾಕತ್ತೈತಿ.”

“ಒಂದ್ ಹನಿನೂ ಸೋರಂಗಿಲ್ಲಲ್ಲೋ, ಕೈಯಾಡಿಸಿ ನೋಡು” ಅಂದ ಕಾಕಾ.

“ಅಲ್ರೀ, ನಿಮ್ಮ ಹೊಳಿ ಪಂಪಿನ ಸಕ್ಷನ್ ಪೈಪ್ ತೂತಾದ್ರ ನೀರು ಸೋರತೈತೇನು?”

ಕಾಕಾ ಸುಮ್ಮನಾದ. ಘಟಪ್ರಭೆಯ ದಂಡೆಯಲ್ಲಿ ಪಂಪ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೆಲಿವರಿ ಪೈಪ್ ತೂತಾದರೆ ನೀರು ಚಿಮ್ಮುತ್ತದೆ, ದೂರದಿಂದಲೇ ಕಾಣುತ್ತದೆ. ಸಕ್ಷನ್ ಪೈಪಿನಲ್ಲಿ ಹಾಗಲ್ಲ. ಅಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸೂಜಿಮೊನೆಯಷ್ಟು ಸಂದು ಸಿಕ್ಕರೂ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಪೈಪಿನಲ್ಲಿ ನಿಂತ ನೀರೆಲ್ಲ ಹೊಳೆಗೆ ಇಳಿದು ಹೋಗುತ್ತದೆ. ಬೆಳಿಗ್ಗೆ ಮತ್ತೆ ಕೊಡದಿಂದ ನೀರು ಹುಯ್ಯಬೇಕು. ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಹೋಗದ ಹಾಗೆ ತಡೆಯುವ ಫುಟ್‌ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಸಗಣಿ ಕದಡಿ ಹುಯ್ಯುವವರೂ ಇದ್ದಾರೆ.

ಜೀಪಿನಲ್ಲೂ ಅದೇ ಕತೆ. ಟ್ಯಾಂಕ್ ಕೆಳಗಿದೆ, ಫೀಡ್ ಪಂಪ್ ಮೇಲಿದೆ. ನಡುವಿನ ಪೈಪು ಸಕ್ಷನ್ ಪೈಪೇ. ರಾತ್ರಿಯೆಲ್ಲ ಗಾಳಿ ನುಸುಳಿ ಡೀಸೆಲ್ ಟ್ಯಾಂಕಿಗೆ ಇಳಿಯುತ್ತಿತ್ತು. ಬೆಳಿಗ್ಗೆಯ ಗೋಳು ಅದಕ್ಕೇ. ಏರಿನಲ್ಲಿ ಇಂಜಿನ್ ಜಾಸ್ತಿ ಡೀಸೆಲ್ ಕೇಳುತ್ತದೆ, ಪಂಪ್ ಜೋರಾಗಿ ಎಳೆಯುತ್ತದೆ, ಅದರ ಜೊತೆ ಗಾಳಿಯೂ ಜಾಸ್ತಿ ಬರುತ್ತದೆ.

ಇನ್ನು ಕಳ್ಳ ಎಲ್ಲಿ ಅಂತ ಹುಡುಕಬೇಕು. ಮಿಸ್ತ್ರಿಯ ಉಪಾಯ ನನಗೆ ಬಹಳ ಹಿಡಿಸಿತು. ಫೀಡ್ ಪಂಪಿಗೆ ಬರುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸೇರಿಸಿದ. ಇಂಜಿನ್ ಓಡಿಸಿದಾಗ ಅಲ್ಲಿ ಗುಳ್ಳೆ ಕಾಣಲಿಲ್ಲ. ಟ್ಯಾಂಕಿನಿಂದ ಅಲ್ಲಿಯವರೆಗೆ ಎಲ್ಲ ಸರಿ. ಅದೇ ತುಂಡನ್ನು ಪಂಪಿಗೂ ಫಿಲ್ಟರಿಗೂ ನಡುವೆ ಹಾಕಿದಾಗ ಸಾಲಾಗಿ ಗುಳ್ಳೆ ಬಂದವು. ಅಂದರೆ ಪಂಪಿನ ಬಾಯಲ್ಲೇ ಕಳ್ಳ. ಇದು ಒತ್ತಡ ಕಡಿಮೆ ಇರುವ ಕಡೆಯ ಪರೀಕ್ಷೆ ಮಾತ್ರ, ನೆನಪಿರಲಿ. ನೋಝಲ್‌ಗೆ ಹೋಗುವ ಉಕ್ಕಿನ ಪೈಪುಗಳ ಹತ್ತಿರ ಓಡುವಾಗ ಬೆರಳಿಟ್ಟು ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಓಡಬೇಕು.

ಪಂಪಿನ ಬಾಯಿಯ ಬೋಲ್ಟ್ ಬಿಚ್ಚಿದಾಗ ಎರಡು ತಾಮ್ರದ ವಾಷರ್ ಸಿಕ್ಕವು. ಹಳೇವು. ಮೈಮೇಲೆ ಹಳೇ ಅಚ್ಚು. ತಾಮ್ರ ಮೆತ್ತಗಿದ್ದರೆ ಬಿಗಿಯುವಾಗ ಸಂದಿಗೆ ಸಂದಿ ತುಂಬಿ ಕೂರುತ್ತದೆ. ಆದರೆ ಒಮ್ಮೆ ಒತ್ತಿದ ತಾಮ್ರ ಗಟ್ಟಿಯಾಗುತ್ತದೆ. ಅದರ ಹರಳುಗಳೊಳಗಿನ ಪದರಗಳು ಸರಿದು ಸರಿದು, ಸಿಕ್ಕುಬಿದ್ದ ದಾರದ ಹಾಗೆ ಒಂದನ್ನೊಂದು ತಡೆಯುತ್ತವೆ. ಮಿಸ್ತ್ರಿ ಎರಡನ್ನೂ ತಂತಿಗೆ ಪೋಣಿಸಿ ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಸಿ ನೀರಿಗೆ ಅದ್ದಿದ.

“ಕುಡಗೋಲು ಕಾಸಿ ನೀರಿಗೆ ಹಾಕಿದ್ರ ಗಟ್ಟಿ ಆಗ್ತೈತಿ. ಇದು ಹೆಂಗ ಮೆತ್ತಗಾಗ್ತೈತಿ?” ಕಾಕಾನ ಪ್ರಶ್ನೆ ಸರಿಯಾಗಿಯೇ ಇತ್ತು. ಉಕ್ಕಿನಲ್ಲಿ ಇಂಗಾಲ ಇದೆ. ತಟ್ಟನೆ ತಣಿಸಿದರೆ ಅದು ಹೊರಬರಲು ಸಮಯ ಸಿಗದೆ ಹರಳಿನೊಳಗೇ ಸಿಕ್ಕಿಕೊಂಡು ಲೋಹವನ್ನು ಬಿಗಿಯುತ್ತದೆ. ತಾಮ್ರದಲ್ಲಿ ಆ ಗೊಡವೆ ಇಲ್ಲ. ಕೆಂಪಗೆ ಕಾಯ್ದಾಗಲೇ ಹೊಸ ಹರಳು ಹುಟ್ಟಿ ಸಿಕ್ಕು ಬಿಡಿಸಿಕೊಂಡಿರುತ್ತದೆ. ನೀರು ಬರೀ ಆರಿಸಲಿಕ್ಕೆ.

ವಾಷರ್ ಕೂಡಿಸಿ, ಏರ್ ತೆಗೆದು, ಸೆಲ್ಫ್ ಹೊಡೆದರೆ ಜೀಪು ಚಾಲೂ. ಗೋಣಿಚೀಲ ಝಾಡಿಸುವಾಗ ಕಿಟ್‌ನ ಪೊಟ್ಟಣ ಕೆಳಗೆ ಬಿತ್ತು. ಒಳಗೆ ಎರಡು ಹೊಸ ತಾಮ್ರದ ವಾಷರ್, ಫಳಫಳ. ಯಾಕೆ ಹಾಕಲಿಲ್ಲ ಅಂತ ಮಿಸ್ತ್ರಿ ಕೇಳಿದ.

“ಹಳೇವು ಛಲೋ ಗಟ್ಟಿ ಇದ್ದೂ” ಅಂದ ಕಾಕಾ, “ಅದಕ್ಕ ಹೊಸಾವು ಎತ್ತಿಟ್ಟೆ.”